ಶಹಾಬಾದಿನ ಕಾರ್ಖಾನೆಯೂ ಫ್ರಾನ್ಸಿನ ಆಲ್‌ಸ್ಟಾಮ್ ಕಂಪನಿಯೂ

ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿ ಕಾಣದ ಹೊತ್ತೇ ಇಲ್ಲ. ಮಳಖೇಡ, ಸೇಡಂ ಕಡೆಯ ಕಾರ್ಖಾನೆಗಳ ಹೆಸರು ನಮ್ಮ ಭಾಗದ ಮಕ್ಕಳಿಗೂ ಗೊತ್ತು. ಛತ್ರಸಾಲದ ಕಲಬುರಗಿ ಸಿಮೆಂಟ್‌ನ ಒಡೆಯರು ಫ್ರಾನ್ಸಿನ ವಿಕಾ ಕಂಪನಿಯವರು ಅನ್ನುವುದೂ ಕೆಲವರಿಗೆ ಗೊತ್ತಿದೆ. ಆದರೆ ನಮ್ಮ ಜಿಲ್ಲೆಗೆ ಅದಕ್ಕಿಂತ ಮೊದಲೇ ಇನ್ನೊಂದು ಫ್ರೆಂಚ್ ಕಂಪನಿ ಬಂದಿತ್ತು. ಅದು ಸಿಮೆಂಟ್ ಮಾಡುವ ಕಂಪನಿಯಲ್ಲ, ಯಂತ್ರ ಮಾಡುವ ಕಂಪನಿ. ಹೆಸರು ಆಲ್‌ಸ್ಟಾಮ್. ಅದು ಬಂದದ್ದು ಶಹಾಬಾದಿಗೆ.

ಕಲಬುರಗಿಯಿಂದ ವಾಡಿ ಕಡೆ ರೈಲಿನಲ್ಲಿ ಹೋದರೆ ನಡುವೆ ಶಹಾಬಾದ್ ಸಿಗುತ್ತದೆ. ನೆಲಕ್ಕೆ ಹಾಸುವ ಕಲ್ಲಿಗೆ ಹೆಸರಾದ ಊರು. ನಿಜಾಮರ ಕಾಲದಲ್ಲೇ ಅಲ್ಲಿ ಶಹಾಬಾದ್ ಸಿಮೆಂಟ್ ಕಂಪನಿ ಇತ್ತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕೆ ಸಿಮೆಂಟ್ ಬೇಕಾಗಿತ್ತು, ಸಿಮೆಂಟ್ ಮಾಡುವ ಯಂತ್ರಗಳೂ ಬೇಕಾಗಿದ್ದವು. 1950ರ ದಶಕದ ಕೊನೆಗೆ ಎಸಿಸಿಯವರು ಇಂಗ್ಲೆಂಡಿನ ವಿಕರ್ಸ್ ಮತ್ತು ಬ್ಯಾಬ್‌ಕಾಕ್ ಕಂಪನಿಗಳ ಜೊತೆ ಸೇರಿ ಎವಿಬಿ ಎಂಬ ಕಂಪನಿ ಕಟ್ಟಿದರು. ಬಾಯ್ಲರ್ ಕೆಲಸ ಬಂಗಾಳದ ದುರ್ಗಾಪುರಕ್ಕೆ ಹೋಯಿತು, ಸಿಮೆಂಟ್ ಯಂತ್ರಗಳ ಕೆಲಸ ಶಹಾಬಾದಿಗೆ ಬಂತು.

ಸಿಮೆಂಟ್ ಯಂತ್ರ ಅಂದರೆ ಸಣ್ಣ ಮಾತಲ್ಲ. ಕಿಲ್ನ್ ಎಂಬುದು ಉಕ್ಕಿನ ದೊಡ್ಡ ಕೊಳವೆ. ಸ್ವಲ್ಪ ಓರೆಯಾಗಿ ಮಲಗಿ ನಿಧಾನಕ್ಕೆ ತಿರುಗುತ್ತಿರುತ್ತದೆ. ಒಳಗೆ ಸುಣ್ಣದ ಕಲ್ಲಿನ ಪುಡಿ ಸುಮಾರು 1,450 ಡಿಗ್ರಿ ಕಾವಿನಲ್ಲಿ ಬೆಂದು ಗಟ್ಟಿ ಉಂಡೆಗಳಾಗುತ್ತದೆ. ಅದನ್ನು ಅರೆದರೆ ಸಿಮೆಂಟ್. ಇಂಥ ಯಂತ್ರಗಳ ತಗಡು ಬಗ್ಗಿಸುವುದು, ವೆಲ್ಡಿಂಗ್ ಮಾಡುವುದು ನಮ್ಮ ಜಿಲ್ಲೆಯ ಕೈಗಳಿಗೆ ಬಂತು. ಕಲ್ಲಿನ ಗಣಿಯ ಊರಿಗೆ ಇದು ದೊಡ್ಡ ವಿದ್ಯೆ.

ಮುಂದೆ ವಿಕರ್ಸ್ ಹೆಸರು ಬಿಟ್ಟುಹೋಗಿ ಕಂಪನಿ ಎಸಿಸಿ ಬ್ಯಾಬ್‌ಕಾಕ್, ಅಂದರೆ ಎಬಿಎಲ್ ಆಯಿತು. 1990ರ ದಶಕದಲ್ಲಿ ಅದು ಸ್ವೀಡನ್-ಸ್ವಿಟ್ಜರ್ಲೆಂಡಿನ ಎಬಿಬಿ ಕೈಗೆ ಹೋಯಿತು. ಆಮೇಲೆ ಆಲ್‌ಸ್ಟಾಮ್ ಬಂತು.

ಈ ಆಲ್‌ಸ್ಟಾಮ್ ಹುಟ್ಟಿದ್ದು 1928ರಲ್ಲಿ. ಫ್ರಾನ್ಸಿನ ಪೂರ್ವ ಗಡಿ ಕಡೆ ಬೆಲ್‌ಫೋರ್ ಎಂಬ ಊರಿದೆ. ಅಲ್ಲಿ ರೈಲು ಎಂಜಿನ್ ಮಾಡುತ್ತಿದ್ದ ಅಲ್ಸಾಸ್ ಪ್ರಾಂತ್ಯದ ಕಂಪನಿಯೊಂದು ಅಮೆರಿಕ ಮೂಲದ ಥಾಮ್ಸನ್-ಹ್ಯೂಸ್ಟನ್‌ನ ಫ್ರೆಂಚ್ ಶಾಖೆಯ ಜೊತೆ ಕೂಡಿತು. ಎರಡೂ ಹೆಸರಿನ ತುಂಡು ಜೋಡಿಸಿ ‘ಆಲ್ಸ್‌ಥಾಮ್’ ಅಂದರು. 1989ರಲ್ಲಿ ಇಂಗ್ಲೆಂಡಿನ ಜಿಇಸಿ ಜೊತೆಯಾಯಿತು. 1998ರಲ್ಲಿ ಷೇರುಪೇಟೆಗೆ ಇಳಿಯುವಾಗ ಹೆಸರಿನಿಂದ ‘ಹ’ಕಾರ ಕಿತ್ತರು. ಹೇಳಲು ಸುಲಭವಾಯಿತು, ಅಷ್ಟೇ ಲಾಭ!

1999ರಲ್ಲಿ ಆಲ್‌ಸ್ಟಾಮ್ ಮತ್ತು ಎಬಿಬಿ ತಮ್ಮ ವಿದ್ಯುತ್ ಯಂತ್ರಗಳ ವ್ಯವಹಾರ ಒಟ್ಟು ಮಾಡಿದವು. ಮರುವರ್ಷ ಎಬಿಬಿಯ ಪಾಲನ್ನೂ ಆಲ್‌ಸ್ಟಾಮ್ ಕೊಂಡಿತು. ಶಹಾಬಾದ್ ಫ್ರೆಂಚರ ಕೈಗೆ ಬಂದದ್ದು ಹೀಗೆ. ಯಾರೂ ಶಹಾಬಾದನ್ನು ನೋಡಿ ಕೊಂಡವರಲ್ಲ. ದೊಡ್ಡ ಗಂಟಿನೊಳಗೆ ನಮ್ಮದೂ ಒಂದು ಸಣ್ಣ ಗಂಟು.

ಅದೇ ಗಂಟಿನಲ್ಲಿ ಎಬಿಬಿಯ ದೋಷವುಳ್ಳ ಗ್ಯಾಸ್ ಟರ್ಬೈನ್‌ಗಳೂ ಇದ್ದವು. ಅವುಗಳ ರಿಪೇರಿ, ಪರಿಹಾರ ಅಂತ ಆಲ್‌ಸ್ಟಾಮ್ ಸಾಲದಲ್ಲಿ ಮುಳುಗಿತು. 2004ರಲ್ಲಿ ಫ್ರಾನ್ಸ್ ಸರ್ಕಾರವೇ ಸುಮಾರು 21 ಪ್ರತಿಶತ ಪಾಲು ಹಾಕಿ ಉಳಿಸಬೇಕಾಯಿತು. ಹತ್ತು ವರ್ಷ ಕಳೆಯುವುದರೊಳಗೆ ಮತ್ತೆ ಸಂಕಟ. ಹಲವು ದೇಶಗಳಲ್ಲಿ ಗುತ್ತಿಗೆಗಾಗಿ ಲಂಚ ಕೊಟ್ಟ ಪ್ರಕರಣದಲ್ಲಿ 2014ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ 77.2 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಅಷ್ಟೊತ್ತಿಗಾಗಲೇ ವಿದ್ಯುತ್ ವಿಭಾಗವನ್ನು ಅಮೆರಿಕದ ಜಿಇಗೆ ಮಾರುವ ಮಾತು ನಡೆದಿತ್ತು. 2015ರ ನವೆಂಬರಿನಲ್ಲಿ ಮಾರಾಟ ಮುಗಿಯಿತು. 2016ರಲ್ಲಿ ಇಲ್ಲಿನ ಕಂಪನಿಯ ಹೆಸರೂ ಆಲ್‌ಸ್ಟಾಮ್ ಇಂಡಿಯಾ ಹೋಗಿ ಜಿಇ ಪವರ್ ಇಂಡಿಯಾ ಆಯಿತು.

ನಾವು ಈ ಲೇಖನ ಬರೆಯಲು ಕಾರಣವಾದ ವಿಷಯ ಇಲ್ಲಿದೆ. ಆ ಮಾರಾಟಕ್ಕೆ ಒಪ್ಪುವಾಗ ಫ್ರಾನ್ಸ್ ಸರ್ಕಾರ ಷರತ್ತು ಹಾಕಿತ್ತು: ಫ್ರಾನ್ಸಿನಲ್ಲಿ 1,000 ಹೊಸ ನೌಕರಿ ಕೊಡಬೇಕು, ಕೊಡದಿದ್ದರೆ ಕಡಿಮೆ ಬಿದ್ದ ಒಂದೊಂದು ನೌಕರಿಗೂ 50 ಸಾವಿರ ಯೂರೊ ದಂಡ. ಜಿಇ ಮಾತು ಉಳಿಸಿಕೊಳ್ಳಲಿಲ್ಲ. 2019ರಲ್ಲಿ ಸುಮಾರು 5 ಕೋಟಿ ಯೂರೊ ತೆತ್ತಿತು. ಅದೇ ವರ್ಷ ಬೆಲ್‌ಫೋರ್ ಕಡೆ ಸುಮಾರು ಸಾವಿರ ನೌಕರಿ ಕಡಿಯುವುದಾಗಿ ಹೇಳಿದಾಗ ಕಾರ್ಮಿಕರು ಬೀದಿಗಿಳಿದರು. ಪರಮಾಣು ವಿದ್ಯುತ್ತಿನ ಟರ್ಬೈನ್ ವಿಭಾಗವನ್ನು 2024ರಲ್ಲಿ ಫ್ರಾನ್ಸಿನ ಸರ್ಕಾರಿ ವಿದ್ಯುತ್ ಕಂಪನಿಯೇ ವಾಪಸ್ ಕೊಂಡಿತು.

ಆ 1,000 ನೌಕರಿಯ ಲೆಕ್ಕದಲ್ಲಿ ಶಹಾಬಾದ್ ಇರಲಿಲ್ಲ, ದುರ್ಗಾಪುರವೂ ಇರಲಿಲ್ಲ. ಷರತ್ತು ಫ್ರಾನ್ಸಿಗೆ ಮಾತ್ರ. ತಮ್ಮ ಮಂದಿಗಾಗಿ ಅವರು ಕೇಳಿದ್ದು ತಪ್ಪಲ್ಲ. ಒಪ್ಪಂದದ ಮೇಜಿನ ಮೇಲೆ ಊರಿನ ಹೆಸರು ಇಡುವವರು ಇದ್ದರೆ ಕಾಗದಕ್ಕೆ ಒಂದು ಸಾಲಾದರೂ ಬೀಳುತ್ತದೆ. ಈಗ ನಮ್ಮ ಹಳ್ಳಿಗಳಲ್ಲಿ ಹೊಸ ಕಾರ್ಖಾನೆಗೆ ಹೊಲ ಕೊಡುವ ಮಾತು ಬಂದಾಗ ಎಕರೆಗೆ ಎಷ್ಟು ಎಂಬುದೊಂದನ್ನೇ ಕೇಳುತ್ತೇವೆ. ನಾಳೆ ಕಂಪನಿ ಮಾರಿಹೋದರೆ ನೌಕರಿ ಏನಾಗುತ್ತದೆ, ಅದಕ್ಕೆ ದಂಡ ಎಷ್ಟು ಎಂದು ಗ್ರಾಮಸಭೆಯಲ್ಲಿ ಕೇಳಿದವರನ್ನು ನಾವಂತೂ ಕಂಡಿಲ್ಲ.

ಆಲ್‌ಸ್ಟಾಮ್ ಮುಳುಗಿಲ್ಲ. ಅದೀಗ ಬರೀ ರೈಲಿನ ಕಂಪನಿ. ಬಿಹಾರದ ಮಧೇಪುರದಲ್ಲಿ ನಮ್ಮ ರೈಲ್ವೆ ಜೊತೆ ಸೇರಿ 12,000 ಅಶ್ವಶಕ್ತಿಯ 800 ಗೂಡ್ಸ್ ಎಂಜಿನ್ ಮಾಡುವ ಗುತ್ತಿಗೆ ಪಡೆದದ್ದು 2015ರ ನವೆಂಬರಿನಲ್ಲೇ, ಶಹಾಬಾದನ್ನು ಕೈಬಿಟ್ಟ ಅದೇ ತಿಂಗಳು.

ನಿಮ್ಮ ಅಪ್ಪನೋ ಕಾಕಾನೋ ಶಹಾಬಾದಿನಲ್ಲಿ ದುಡಿದಿದ್ದರೆ ಅವರ ಪಗಾರ ಚೀಟಿ, ಪಿಎಫ್ ಕಾಗದ ಒಮ್ಮೆ ತೆಗೆದು ನೋಡಿ. ಎವಿಬಿ, ಎಬಿಎಲ್, ಎಬಿಬಿ, ಆಲ್‌ಸ್ಟಾಮ್, ಜಿಇ ಅಂತ ಯಾವ ಹೆಸರಿದ್ದರೂ ಬಿಸಾಡಬೇಡಿ, ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿಡಿ.