ಮರಳಲಾರದವರ ನೆಲ

ದೇಶಭ್ರಷ್ಟರು ತಾಯ್ನಾಡಿಗೆ ಮರಳುವುದನ್ನು ಚಿತ್ರಿಸಬೇಕಾದರೆ ಮೊದಲು ಮರಳುವ ದಾರಿ ತೆರೆದಿರಬೇಕಷ್ಟೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಟಿಬೆಟಿಗರಲ್ಲಿ ಬಹುಪಾಲಿನವರಿಗೆ ಆ ದಾರಿ ಮುಚ್ಚಿದೆ. 1959ರ ತರುವಾಯ ವಲಸೆ ಬಂದು, ಮೈಸೂರು ಸರ್ಕಾರವಿತ್ತ ಕಾಡನ್ನು ಕಡಿದು ಮುಸುಕಿನ ಜೋಳ ಬಿತ್ತಿದ ತಲೆಮಾರು ಬಹುಮಟ್ಟಿಗೆ ಇಲ್ಲಿಯೇ ಕಣ್ಣು ಮುಚ್ಚಿದೆ.

ಇಂಥವರ ಇತಿಹಾಸಕ್ಕೆ ಆಧಾರವಾಗಿ ನಾವು ತೆನ್‌ಜಿನ್ ತ್ಸೆತಾನ್ ಚೋಕ್ಲೇ ನಿರ್ದೇಶಿಸಿದ ‘ಬ್ರಿಂಗಿಂಗ್ ಟಿಬೆಟ್ ಹೋಮ್’ (2013) ಎಂಬ ಸಾಕ್ಷ್ಯಚಿತ್ರವನ್ನು ಗಮನಿಸಬಹುದು. ಅದರಲ್ಲಿ ಜನರ ಬದಲು ನೆಲವೇ ಪ್ರಯಾಣ ಮಾಡಿದೆ! ತಾಯ್ನಾಡನ್ನು ಕಾಣದೆಯೇ ತಂದೆ ತೀರಿಕೊಂಡ ದುಃಖದಿಂದ ಕಲಾವಿದ ತೆನ್‌ಜಿಂಗ್ ರಿಗ್ದೋಲ್ ಸುಮಾರು 20 ಟನ್ನು ಟಿಬೆಟಿನ ಮಣ್ಣನ್ನು ನೇಪಾಳದ ಮೂಲಕ ತರಿಸಿ, 2011ರ ಅಕ್ಟೋಬರಿನಲ್ಲಿ ಧರ್ಮಶಾಲೆಯಲ್ಲಿ ಹರಡಿಸಿದರು. ಅದನ್ನು ಮೆಟ್ಟಿದವರಲ್ಲಿ ಆ ನಾಡನ್ನೆಂದೂ ನೋಡದ ಮಕ್ಕಳೂ ಇದ್ದರು. ವೃದ್ಧರ ಕಣ್ಣೀರಿಗಿಂತ ಈ ಮಕ್ಕಳ ಹೆಜ್ಜೆಯೇ ನಮಗೆ ಹೆಚ್ಚಿನ ದಾಖಲೆಯಾಗಿ ತೋರುತ್ತದೆ. ಕೊನೆಗೆ ಜನರು ಆ ಮಣ್ಣನ್ನು ಮನೆಗೊಯ್ದರು.