ಸೂಲಗಿತ್ತಿಯ ಕೈ

ಸೂಲು ಎಂದರೆ ಹೆರಿಗೆ. ಅದಕ್ಕೆ ಅಗಸಗಿತ್ತಿ, ಹೂವಾಡಗಿತ್ತಿ ಎನ್ನುವಲ್ಲಿಯ ‘ಗಿತ್ತಿ’ ಸೇರಿ ಸೂಲಗಿತ್ತಿ ಎಂದಾಯಿತು. ಅಧ್ಯಾಪಕನಾದ ಹೊಸತರಲ್ಲಿ ಈ ಶಬ್ದವನ್ನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ತೋರಿಸಿದ್ದೆ. ಆಕೆ ಮಾಡುತ್ತಿದ್ದುದಾದರೂ ಏನು ಎಂದು ಯೋಚಿಸಿದವನಲ್ಲ.

ಯೋಚಿಸುವಂತಾದದ್ದು 1987ರ ಮಳೆಗಾಲದ ಒಂದು ರಾತ್ರಿ, ಮಂಗಳೂರಿನ ಒಂದು ಆಸ್ಪತ್ರೆಯ ಬಾಗಿಲ ಹೊರಗೆ. ನನ್ನಾಕೆಯದು ಚೊಚ್ಚಲ ಹೆರಿಗೆ. ಮೂವರನ್ನು ಹೆತ್ತ ನನ್ನ ಅತ್ತೆಯವರನ್ನು ಹೊಸ್ತಿಲಲ್ಲೇ ತಡೆದರು. ಒಳಗೆ ಅವಳೊಬ್ಬಳೇ, ಎದುರಿಗೊಂದು ಗೋಡೆಗಡಿಯಾರ. ಮೊದಲ ಹೆರಿಗೆಯಲ್ಲಿ ಗರ್ಭಕೋಶದ ಬಾಯಿ ನಿಧಾನವಾಗಿ ತೆರೆಯುತ್ತದೆ, ಬೇನೆ ಬಲಿತ ಮೇಲೂ ಹನ್ನೆರಡು ಗಂಟೆ ಹಿಡಿದೀತು ಎಂದು ಯಾರೂ ಹೇಳಲಿಲ್ಲ. ತಾನು ಸಾಯುತ್ತಿದ್ದೇನೆ ಎಂದೇ ಅವಳು ತಿಳಿದಳು. ಬೆಳಗಿನ ಜಾವಕ್ಕೆ ಪಾಳಿ ಬದಲಾಗಿ ವಯಸ್ಸಾದ ದಾದಿಯೊಬ್ಬರು ಬಂದರು. ‘ಪೋಡ್ಯೊಡ್ಚಿ’, ಹೆದರಬೇಡ, ಎಂದು ತುಳುವಿನಲ್ಲಿ ಹೇಳಿ, ಎಬ್ಬಿಸಿ ನಡೆಸಿದರು, ನೀರು ಕುಡಿಸಿದರು, ಬೇನೆ ಬಂದಾಗಲೆಲ್ಲ ಸೊಂಟವನ್ನು ಅಂಗೈಯಿಂದ ಒತ್ತಿ ಹಿಡಿದರು. ಒಂಬತ್ತು ಗಂಟೆಗೆ ಮಗಳು ಹುಟ್ಟಿದಳು.

ಬಹುಕಾಲದ ಮೇಲೆ ಚರಕಸಂಹಿತೆಯ ಶಾರೀರಸ್ಥಾನವನ್ನು ಓದುತ್ತಿದ್ದಾಗ ಎಂಟನೆಯ ಅಧ್ಯಾಯದಲ್ಲಿ ಆ ದಾದಿ ನನಗೆ ಮತ್ತೆ ಎದುರಾದರು. ಹಲವು ಸಲ ಹೆತ್ತ, ಸ್ನೇಹಶೀಲರಾದ ಹೆಂಗಸರು ಸುತ್ತ ಇರಬೇಕಂತೆ. ಸೊಂಟ, ಪಕ್ಕೆ, ಬೆನ್ನು, ತೊಡೆಗಳನ್ನು ಬೆಚ್ಚಗಿನ ಎಣ್ಣೆಯಿಂದ ನೀವಬೇಕಂತೆ. ಒನಕೆ ಹಿಡಿದು ಕುಟ್ಟಿಸಬೇಕೆಂಬ ಕೆಲವರ ಮತವನ್ನು ಆತ್ರೇಯನು ತಳ್ಳಿಹಾಕಿ, ನಡೆದಾಡಿಸುವುದನ್ನು ಒಪ್ಪುತ್ತಾನೆ. ಬೇನೆಯಿಲ್ಲದಾಗ ಮುಕ್ಕಬಾರದೆಂಬ ಎಚ್ಚರಿಕೆಯೂ ಅಲ್ಲಿದೆ. ಸೂಲಗಿತ್ತಿಯರು ಈ ಗ್ರಂಥವನ್ನು ಓದಿರಲಿಲ್ಲ. ಗ್ರಂಥಕಾರನೇ ಅವರಿಂದ ಕಲಿತಿರಬೇಕು ಎಂಬುದು ನನ್ನ ಊಹೆ.

ಸೂಲಗಿತ್ತಿಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹಾಡಲಾರೆ. ನಂಜಿಗೆ, ನಿಲ್ಲದ ರಕ್ತಸ್ರಾವಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಹಳೆಯ ಮನೆತನಗಳ ವಂಶಾವಳಿಗಳಲ್ಲಿ ಎರಡನೆಯ ಹೆಂಡತಿಯರು ಅಷ್ಟೊಂದು ಮಂದಿ ಏಕಿದ್ದಾರೆಂದು ನೋಡಿದರೆ ಸಾಕು. ನಮ್ಮ ಜಿಲ್ಲೆ 1956ರ ತನಕ ಮದರಾಸಿಗೆ ಸೇರಿತ್ತು. ತರಬೇತಾದ ದಾದಿಯರನ್ನೂ ಸೂಲಗಿತ್ತಿಯರನ್ನೂ ದಾಖಲಿಸುವ ಮದರಾಸು ಶಾಸನ 1926ರದು. ಆಗಿನ ಗವರ್ನರನ ಪತ್ನಿಯ ಹೆಸರೇ ನಮ್ಮೂರಿನ ಲೇಡಿಗೋಷನ್ ಆಸ್ಪತ್ರೆಗಿದೆ. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದುದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಬರುವಾಗ ಬಸುರಿಯ ಜೊತೆಗಿದ್ದ ಹೆಂಗಸರು ಬಾಗಿಲಾಚೆ ಉಳಿದರು. ನಂಜನ್ನು ತಡೆಯಲು ಅವರನ್ನೂ ತಡೆಯಬೇಕಾಗಿತ್ತೆ?

ಈ ಪ್ರಶ್ನೆಗೆ ಉತ್ತರ ಬಂದುದು ದೂರದ ಗ್ವಾಟೆಮಾಲದಿಂದ. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಚೊಚ್ಚಲ ಬಸುರಿಯರಲ್ಲಿ ಕೆಲವರ ಬಳಿ, ಬೆನ್ನು ನೀವುತ್ತ ಮಾತಾಡಿಸುತ್ತ ಕೂರಲು ಒಬ್ಬ ಸಾಮಾನ್ಯ ಹೆಂಗಸನ್ನು ಇರಿಸಿದರು. ಆಕೆ ವೈದ್ಯಳಲ್ಲ, ನೆಂಟಳೂ ಅಲ್ಲ. 1980ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತೊಡಕಿಲ್ಲದ ಹೆರಿಗೆಗಳಲ್ಲಿ ಒಂಟಿಯಾಗಿದ್ದವರಿಗೆ ಸರಾಸರಿ 19.3 ಗಂಟೆ ಹಿಡಿದರೆ, ಜೊತೆಯಿದ್ದವರಿಗೆ 8.8 ಗಂಟೆ. ಮುಂದಿನ ದೊಡ್ಡ ಅಧ್ಯಯನಗಳಲ್ಲಿ ಅಂತರ ಇಷ್ಟಿಲ್ಲ. 26 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2017ರ ಪರಿಶೀಲನೆಯಲ್ಲಿ ಉಳಿದದ್ದು ಸುಮಾರು 40 ನಿಮಿಷ. ಆದರೆ ಶಸ್ತ್ರಕ್ರಿಯೆಯ ಹೆರಿಗೆಗಳೂ ನೋವುಶಮನದ ಔಷಧಗಳೂ ಕಡಿಮೆಯಾಗಿದ್ದವು.

ಭಾರತ ಸರ್ಕಾರವು 2016ರಲ್ಲಿ ಸಾರ್ವಜನಿಕ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಸಂಗಾತಿಯನ್ನು ಬಿಡಬೇಕೆಂದಿತು. ಆಕೆ ಹೆಂಗಸಾಗಿರಬೇಕು, ತಾನೂ ಹೆತ್ತವಳಾಗಿದ್ದರೆ ಲೇಸು. ಚರಕನು ಕೇಳಿದ ಯೋಗ್ಯತೆಯೂ ಇದೇ ತಾನೆ! ಇಂದು ನಮ್ಮ ದಾದಿಯರ ಕಾಲೇಜುಗಳ ಹುಡುಗಿಯರು ಬೆನ್ನು ನೀವುವುದನ್ನೂ ಉಸಿರಾಟದ ಕ್ರಮವನ್ನೂ ಪಾಠವಾಗಿ ಕಲಿಯುತ್ತಾರೆ. ಒಬ್ಬ ದಾದಿಗೆ ನಾಲ್ಕೈದು ಹಾಸಿಗೆಗಳಾದರೆ ಆ ಪಾಠ ಪುಸ್ತಕದಲ್ಲೇ ಉಳಿಯುತ್ತದೆ ಎಂಬುದನ್ನೂ ಹೇಳಬೇಕು.

2018ರಲ್ಲಿ ಮಗಳ ಚೊಚ್ಚಲ ಹೆರಿಗೆ. ಈ ಸಲ ನನ್ನಾಕೆಯನ್ನು ಒಳಗೆ ಬಿಟ್ಟರು. ಕೈಯಲ್ಲಿ ತೆಂಗಿನೆಣ್ಣೆಯ ಸಣ್ಣ ಬಾಟಲಿ ಹಿಡಿದು ಹೋದಳು. ನಾನು ಹಿಂದಿನಂತೆಯೇ ಹೊರಗಿನ ಬೆಂಚಿನ ಮೇಲೆ ಕುಳಿತೆ.