ಐದು ಒಲಿಂಪಿಕ್ಸ್, ಮೂವರು ಜೊತೆಗಾರರು: ಅಲ್ಯೋನಾ ಸಾವ್ಚೆಂಕೊ ಕ್ರೀಡಾಜೀವನದ ಒಂದು ಓದು

ಫಿಗರ್ ಸ್ಕೇಟಿಂಗ್‌ನ ಜೋಡಿ ವಿಭಾಗದಲ್ಲಿ ಫಲಿತಾಂಶ ದಾಖಲಾಗುವುದು ಜೋಡಿಯ ಹೆಸರಿನಲ್ಲಿ. ಜೊತೆಗಾರ ಬದಲಾದರೆ ಒಬ್ಬರ ಕ್ರೀಡಾಜೀವನ ಪಟ್ಟಿಗಳಲ್ಲಿ ತುಂಡುತುಂಡಾಗಿ ಕಾಣುತ್ತದೆ. ಆರು ಬಾರಿ ವಿಶ್ವ ಚಾಂಪಿಯನ್ ಆದ ಅಲ್ಯೋನಾ ಸಾವ್ಚೆಂಕೊ ಅವರ ವಿಷಯದಲ್ಲಿ ಈ ತುಂಡುಗಳ ನಡುವಿನ ಖಾಲಿ ಜಾಗಗಳನ್ನೂ ಪದಕಗಳಷ್ಟೇ ಗಮನವಿಟ್ಟು ಓದಬೇಕು ಎಂಬುದು ನನ್ನ ವಾದ.

ಉಕ್ರೇನಿನ ಒಬುಖಿವ್‌ನಲ್ಲಿ 1984ರಲ್ಲಿ ಹುಟ್ಟಿದ ಅವರು ಸ್ತಾನಿಸ್ಲಾವ್ ಮೊರೊಜೊವ್ ಜೊತೆಗೂಡಿ 2000ದಲ್ಲಿ ಜೂನಿಯರ್ ವಿಶ್ವ ಪ್ರಶಸ್ತಿ ಗೆದ್ದರು. 2002ರ ಒಲಿಂಪಿಕ್ಸ್‌ನಲ್ಲಿ ಈ ಜೋಡಿಗೆ ಸಿಕ್ಕಿದ್ದು 15ನೇ ಸ್ಥಾನ. ಮರುವರ್ಷ ಸಾವ್ಚೆಂಕೊ ಜರ್ಮನಿಯ ಕೆಮ್ನಿಟ್ಸ್‌ಗೆ ಹೋಗಿ, ಇಂಗೊ ಶ್ಟೊಯರ್ ಅವರ ತರಬೇತಿಯಲ್ಲಿ ರಾಬಿನ್ ಶೋಲ್ಕೊವಿ ಜೊತೆ ಅಭ್ಯಾಸ ಶುರುಮಾಡಿದರು.

ಇಲ್ಲಿ ನಿಯಮವೊಂದನ್ನು ಗಮನಿಸಬೇಕು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೋಡಿಯ ಇಬ್ಬರೂ ಒಂದೇ ದೇಶದ ಪೌರರಾಗಿರಬೇಕಿಲ್ಲ, ಒಲಿಂಪಿಕ್ಸ್‌ನಲ್ಲಿ ಆಗಿರಲೇಬೇಕು. ಸಾವ್ಚೆಂಕೊಗೆ ಜರ್ಮನ್ ಪೌರತ್ವ ಸಿಕ್ಕಿದ್ದು 2005ರ ಡಿಸೆಂಬರ್ ಕೊನೆಗೆ, ಟ್ಯುರಿನ್ ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿದ್ದಾಗ. ಅಲ್ಲಿ ಆರನೇ ಸ್ಥಾನ ಪಡೆದ ಈ ಜೋಡಿ ಮುಂದೆ 2008, 2009, 2011, 2012 ಮತ್ತು 2014ರಲ್ಲಿ ವಿಶ್ವ ಪ್ರಶಸ್ತಿ ಗೆದ್ದಿತು. ಒಲಿಂಪಿಕ್ಸ್‌ನಲ್ಲಿ ಮಾತ್ರ ಎರಡು ಸಲವೂ, 2010ರಲ್ಲೂ 2014ರಲ್ಲೂ, ಕಂಚೇ.

2014ರಲ್ಲಿ ಶೋಲ್ಕೊವಿ ನಿವೃತ್ತರಾದರು. ಆಗ ಸಾವ್ಚೆಂಕೊಗೆ ಮೂವತ್ತು ವರ್ಷ. ಅವರು ಆರಿಸಿಕೊಂಡದ್ದು ಫ್ರಾನ್ಸಿನ ಬ್ರೂನೊ ಮಾಸೊ ಅವರನ್ನು. ಮಾಸೊ ಜರ್ಮನಿಯ ಪರ ಸ್ಪರ್ಧಿಸಲು ಬೇಕಿದ್ದ ಫ್ರೆಂಚ್ ಸ್ಕೇಟಿಂಗ್ ಒಕ್ಕೂಟದ ಅನುಮತಿ ತಡವಾದ್ದರಿಂದ ಒಂದು ಇಡೀ ಋತು ಸ್ಪರ್ಧೆಯಿಲ್ಲದೆ ಕಳೆಯಿತು. ಮಾಸೊಗೆ ಜರ್ಮನ್ ಪೌರತ್ವ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಬೇಕಾದ ಭಾಷಾ ಪರೀಕ್ಷೆ ಅವರಿಗೆ ಸುಲಭವಾಗಿರಲಿಲ್ಲ. ಹೋಲಿಕೆಗೆ ಹಿಂದಿನ ಒಂದು ಉದಾಹರಣೆ ನೋಡಿ: ಸೋವಿಯತ್ ಒಕ್ಕೂಟದ ಇರೀನಾ ರೋದ್ನಿನಾ 1972ರಲ್ಲಿ ಉಲಾನೊವ್ ಜೊತೆ ಒಲಿಂಪಿಕ್ ಚಿನ್ನ ಗೆದ್ದು, ಮರುವರ್ಷವೇ ಜೈತ್ಸೆವ್ ಜೊತೆ ವಿಶ್ವ ಪ್ರಶಸ್ತಿ ಗೆದ್ದಿದ್ದರು. ಆ ಬದಲಾವಣೆ ಒಂದೇ ದೇಶದೊಳಗೆ ಮುಗಿದಿತ್ತು. ಸಾವ್ಚೆಂಕೊ ಕಳೆದುಕೊಂಡ ಆ ಋತುವಿಗೆ ಪ್ರತಿಭೆಯಾಗಲಿ ವಯಸ್ಸಾಗಲಿ ಕಾರಣವಲ್ಲ, ಕಾಗದಪತ್ರ ಕಾರಣ. ಪಟ್ಟಿಗಳು ಇದನ್ನು ಹೇಳುವುದಿಲ್ಲ.

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಅಂಕಗಳನ್ನು ಬಿಡಿಸಿ ನೋಡುವುದು ಲೇಸು. ಶಾರ್ಟ್ ಪ್ರೋಗ್ರಾಂನಲ್ಲಿ ಇಬ್ಬರೂ ಅಕ್ಕಪಕ್ಕದಲ್ಲಿ ಜಿಗಿದು ಮೂರು ಸುತ್ತು ತಿರುಗಬೇಕಾದ ಸಾಲ್ಕೊವ್ ನೆಗೆತದಲ್ಲಿ ಮಾಸೊ ಎರಡೇ ಸುತ್ತು ತಿರುಗಿದರು. ಜೋಡಿಗೆ ಸಿಗುವ ಅಂಕ ಒಂದೇ ಆದ್ದರಿಂದ ನಷ್ಟ ಇಬ್ಬರದೂ ಆಯಿತು: 76.59 ಅಂಕ, ನಾಲ್ಕನೇ ಸ್ಥಾನ. ಮುಂಚೂಣಿಯಲ್ಲಿದ್ದ ಚೀನಾದ ಸುಯ್ ವೆಂಜಿಂಗ್–ಹಾನ್ ಕಾಂಗ್ ಜೋಡಿ 5.80 ಅಂಕ ಮುಂದಿತ್ತು. ಮರುದಿನದ ಫ್ರೀ ಸ್ಕೇಟ್‌ನಲ್ಲಿ ಸಾವ್ಚೆಂಕೊ–ಮಾಸೊ ಆಗಿನ ವಿಶ್ವದಾಖಲೆಯಾದ 159.31 ಅಂಕ ಗಳಿಸಿದರು. ಎರಡೂ ಸುತ್ತು ಸೇರಿ ಅಂತಿಮ ಲೆಕ್ಕ ಇವರಿಗೆ 235.90, ಸುಯ್–ಹಾನ್ ಜೋಡಿಗೆ 235.47. ಅರ್ಧ ಅಂಕಕ್ಕೂ ಕಡಿಮೆ ಅಂತರದಲ್ಲಿ ಬಂದ ಈ ಚಿನ್ನ, 1952ರ ನಂತರ ಈ ವಿಭಾಗದಲ್ಲಿ ಜರ್ಮನಿಗೆ ದಕ್ಕಿದ ಮೊದಲ ಒಲಿಂಪಿಕ್ ಚಿನ್ನ.

ಇದನ್ನು ಅದೃಷ್ಟವೆನ್ನಲು ನಾನು ಒಪ್ಪುವುದಿಲ್ಲ. ಮುಂದಿನ ತಿಂಗಳು ಮಿಲಾನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೇ ಜೋಡಿ ಫ್ರೀ ಸ್ಕೇಟ್‌ನಲ್ಲಿ 162.86, ಒಟ್ಟು 245.84 ಅಂಕ ಗಳಿಸಿ ಎರಡೂ ದಾಖಲೆಗಳನ್ನು ಹೊಸದಾಗಿ ಬರೆಯಿತು. ಸಾವ್ಚೆಂಕೊಗೆ ಆಗ 34 ವರ್ಷ.